ಪ್ರತಿ: ಸೋರ್ಸ್‌ಟ್ರೀ ನನ್ನ ಗಿಟ್‌ಹಬ್ ಪಾಸ್‌ವರ್ಡ್ ತಗೊಳ್ತಿಲ್ಲ

ತುಮಕೂರಿನ ಕಾಲೇಜ್ ಲ್ಯಾಬ್‌ನಲ್ಲಿ ಸೋರ್ಸ್‌ಟ್ರೀ ಆಪ್‌ಗೆ ಗಿಟ್‌ಹಬ್ (ಕೋಡ್ ಇಡುವ ಸೈಟ್) ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಪುಶ್, ಅಂದರೆ ಕೋಡನ್ನು ಆ ಸೈಟ್‌ಗೆ ಕಳಿಸುವುದು, ಆಗುತ್ತಿಲ್ಲ ಅಂದಿದ್ದೀರಿ. ಆಗಲ್ಲ ಬಿಡಿ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಪುಶ್‌ಗೆ ಅಕೌಂಟ್ ಪಾಸ್‌ವರ್ಡ್ ಒಪ್ಪುವುದಿಲ್ಲ. ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ.

ಸೋರ್ಸ್‌ಟ್ರೀಯಲ್ಲಿ ಅಕೌಂಟ್ ಸೇರಿಸುವಾಗ ಓಆತ್ (OAuth, ಆಪ್‌ಗೆ ಪಾಸ್‌ವರ್ಡ್ ಕೊಡದೆ ಅನುಮತಿ ಕೊಡುವ ವಿಧಾನ) ಆರಿಸಿ. ಬ್ರೌಸರ್ ತೆರೆದುಕೊಳ್ಳುತ್ತದೆ, ಅಲ್ಲೇ ಲಾಗಿನ್ ಆಗಿ ಅನುಮತಿ ಕೊಡಿ. ಅದು ಕೈಕೊಟ್ಟರೆ ಗಿಟ್‌ಹಬ್‌ನ ಡೆವಲಪರ್ ಸೆಟ್ಟಿಂಗ್ಸ್‌ನಲ್ಲಿ ಕ್ಲಾಸಿಕ್ ಟೋಕನ್ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಪ್ತ ಅಕ್ಷರಸಾಲು) ಮಾಡಿ, ಅನುಮತಿಗಳ ಪಟ್ಟಿಯಲ್ಲಿ ರೆಪೋ (repo) ಅನ್ನುವುದಕ್ಕೆ ಟಿಕ್ ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ಅದನ್ನೇ ಪೇಸ್ಟ್ ಮಾಡಿ. ಟೋಕನ್ ಕಾಣಿಸುವುದು ಒಂದೇ ಸಲ, ಆಗಲೇ ಕಾಪಿ ಮಾಡಿಕೊಳ್ಳಿ.

ಆಮೇಲೂ ಅದೇ ಎರರ್ ಬಂದರೆ ವಿಂಡೋಸ್ ಲಾಗಿನ್‌ಗಳನ್ನು ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್ ನೋಡಿ. ಹಳೆಯ ಗಿಟ್‌ಹಬ್ ಲಾಗಿನ್ ಅಲ್ಲಿ ಉಳಿದಿದ್ದರೆ ಅಳಿಸಿ. ಲ್ಯಾಬ್ ಮಷೀನ್ ಅಲ್ವಾ, ನಿಮಗಿಂತ ಮೊದಲು ಕೂತವರದ್ದೂ ಇರಬಹುದು. ನೀವೂ ಏಳುವಾಗ ನಿಮ್ಮದನ್ನು ತೆಗೆದುಬಿಡಿ, ಇಲ್ಲದಿದ್ದರೆ ಮುಂದಿನವರು ನಿಮ್ಮ ಅಕೌಂಟ್‌ನಿಂದಲೇ ಪುಶ್ ಮಾಡಬಹುದು.