ಮೋಟಾರು ಯಾವಾಗ ಎತ್ತಬೇಕು: ಕೃಷ್ಣಾ ದಂಡೆಯ ಲೆಕ್ಕ

ತಮ್ಮಾ, ಮಾಂಜರಿ ಹತ್ತಿರ ಕೃಷ್ಣಾ ಹೊಳೆದಂಡೆಯ ಮೂರು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದೀಯ. ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ನೀರು ಬಿಟ್ಟರು ಅಂತ ಟಿವಿಯಲ್ಲಿ ಬಂದ ಕೂಡಲೇ ದಂಡೆಯ ಪಂಪಿನ ಮೋಟಾರು ಮೇಲಕ್ಕೆ ಎತ್ತಿಡಬೇಕಾ ಅಂತ ಕೇಳಿದ್ದೀಯ. ನಾನೂ ಇದೇ ದಂಡೆಯವನು, ನಿನಗಿಂತ ಸ್ವಲ್ಪ ಕೆಳಗೆ. ಗೊತ್ತಿರುವಷ್ಟು ಬರೀತೀನಿ.

ಮೊದಲು ಕೊಯ್ನಾದ ಸುದ್ದಿ ಬದಿಗಿಡು. 105 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ದೊಡ್ಡ ಡ್ಯಾಮು ಹೌದು. ಆದರೆ ಅಲ್ಲಿ ಕರೆಂಟ್ ತಯಾರಿಸುವ ನೀರಿನ ಬಹುಪಾಲು ಘಟ್ಟ ಇಳಿದು ಕೊಂಕಣದ ಕಡೆ ಹೋಗುತ್ತದೆ, ನಮ್ಮ ಹೊಳೆಗೆ ಬರುವುದಿಲ್ಲ. ನಮಗೆ ಬೇಕಾದದ್ದು ನಮ್ಮ ಮೇಲ್ಗಡೆ, ಮಹಾರಾಷ್ಟ್ರದಲ್ಲಿ ಕೃಷ್ಣಾಕ್ಕೆ ಅಡ್ಡ ಕಟ್ಟಿದ ರಾಜಾಪುರ ಬಾಂದಾರದ (ಒಡ್ಡಿನ) ಅಂಕಿ. ಕೊಯ್ನಾ, ವಾರಣಾ, ನರಸೋಬವಾಡಿಯಲ್ಲಿ ಕೂಡುವ ಪಂಚಗಂಗಾ, ಎಲ್ಲವೂ ಒಟ್ಟಾಗಿ ಅಲ್ಲಿಂದಲೇ ನಮ್ಮ ಕಡೆ ಇಳಿಯುತ್ತವೆ. ಅದಕ್ಕೆ ದೂಧಗಂಗಾದ ನೀರು ಸೇರಿಸು. ವೇದಗಂಗಾವನ್ನು ಒಳಗೆ ಕರೆದುಕೊಂಡು ಅದು ಕಲ್ಲೋಳ ಹತ್ತಿರ ಬೇರೆಯಾಗಿ ಬಂದು ಕೂಡುತ್ತದೆ. ರಾಜಾಪುರದಿಂದ 80 ಸಾವಿರ ಕ್ಯೂಸೆಕ್, ದೂಧಗಂಗಾದಿಂದ 20 ಸಾವಿರ ಬಂತು ಅಂದುಕೋ, ಕಲ್ಲೋಳದ ಕೆಳಗಿರುವ ನಿನಗೆ 1 ಲಕ್ಷ ಕ್ಯೂಸೆಕ್. ಮಳೆಗಾಲದಲ್ಲಿ ಈ ಎರಡೂ ಅಂಕಿ ಪೇಪರಿನ ಜಿಲ್ಲಾ ಪುಟದಲ್ಲಿ ಬರುತ್ತವೆ.

ಇನ್ನು ಎಲ್ಲರೂ ಎಡವುವ ಜಾಗ. ಕ್ಯೂಸೆಕ್ ಅಂದರೆ ಹರಿವು, ಎತ್ತರ ಅಲ್ಲ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರ್ ಚಿಲ್ಲರೆ. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಸುಮಾರು 8.6 ಟಿಎಂಸಿ ಆಗುತ್ತದೆ. ಅಷ್ಟೇ ಹರಿವಿದ್ದರೂ ದಂಡೆ ಅಗಲ ಇದ್ದಲ್ಲಿ ನೀರು ಕಡಿಮೆ ಏರುತ್ತದೆ, ಇಕ್ಕಟ್ಟು ಇದ್ದಲ್ಲಿ ಜಾಸ್ತಿ. ಕೆಳಗೆ ಹೊಳೆ ಮೊದಲೇ ತುಂಬಿ ನಿಂತಿದ್ದರೆ ಇನ್ನೂ ಮೇಲೆ ಬರುತ್ತದೆ. ದೂಧಗಂಗಾದ ಬಾಯಿ ಹತ್ತಿರದ ಹೊಲದವರನ್ನು ಕೇಳಿ ನೋಡು: ಅವರ ಹೊಳೆಯಲ್ಲಿ ಹೊಸ ನೀರು ಇಲ್ಲದಿದ್ದರೂ ಕೃಷ್ಣಾ ತುಂಬಿತೆಂದರೆ ನೀರು ಹಿಂದಕ್ಕೆ ಒತ್ತಿ ಅವರ ಕಬ್ಬಿನೊಳಗೆ ಬರುತ್ತದೆ. ಹಾಗಾಗಿ ಇಷ್ಟು ಕ್ಯೂಸೆಕ್‌ಗೆ ಇಷ್ಟು ಅಡಿ ಅನ್ನುವ ಲೆಕ್ಕ ನಿನ್ನ ಜಾಗಕ್ಕೆ ನೀನೇ ಮಾಡಿಕೊಳ್ಳಬೇಕು.

ಅದಕ್ಕೆ ಖರ್ಚೇನೂ ಇಲ್ಲ. ಜಾಕ್‌ವೆಲ್ (ಹೊಳೆನೀರು ಎತ್ತಲು ದಂಡೆಯಲ್ಲಿ ಕಟ್ಟಿದ ಬಾವಿ) ಗೋಡೆ ಇದ್ದರೆ ಅದರ ಮೇಲೆ ಆಯಿಲ್ ಪೇಂಟ್‌ನಿಂದ ಅಡಿ, ಅರ್ಧ ಅಡಿ ಗೆರೆ ಎಳೆ. ಇಲ್ಲದಿದ್ದರೆ ದಂಡೆಯ ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ನಾಲ್ಕೈದು ಕಲ್ಲುಕಂಬ ನೆಡು. ಒಂದೇ ಉದ್ದ ಕಂಬ ನೆಟ್ಟರೆ ಮೊದಲ ಸೆಳವಿಗೇ ಹೋಗುತ್ತದೆ. ಸೊನ್ನೆ ಎಲ್ಲಿಂದ ಅನ್ನುವುದನ್ನು ಒಮ್ಮೆ ಗೊತ್ತು ಮಾಡಿದ ಮೇಲೆ ಯಾವತ್ತೂ ಬದಲಿಸಬೇಡ. ಮೋಟಾರಿನ ಕಟ್ಟೆ ಎಷ್ಟನೇ ಅಡಿಗೆ ಬರುತ್ತದೆ ಅಂತ ಕೆಂಪು ಬಣ್ಣದಲ್ಲಿ ಗುರುತು ಹಾಕು. ದಿನಕ್ಕೆ ಎರಡು ಸಲ ನೋಡಿ ಪಕ್ಕದಲ್ಲಿ ರಾಜಾಪುರದ ಅಂಕಿ ಬರೆದಿಡು. ಏರುತ್ತಿದ್ದರೆ ತಾಸಿಗೊಮ್ಮೆ ನೋಡು. ಒಂದು ಮಳೆಗಾಲ ಮುಗಿಯುವುದರೊಳಗೆ ರಾಜಾಪುರದಲ್ಲಿ ಏರಿದ ನೀರು ನಿನ್ನ ಕಂಬಕ್ಕೆ ಎಷ್ಟು ತಾಸಿಗೆ ಬರುತ್ತದೆ ಅನ್ನುವುದು ನಿನ್ನ ಪುಸ್ತಕದಲ್ಲೇ ಇರುತ್ತದೆ.

ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಆ್ಯಪ್ 2023ರಲ್ಲಿ ಬಂದಿದೆ, ಅದನ್ನೂ ಹಾಕಿಕೋ. ಅದರಲ್ಲಿ ಮಟ್ಟ ಸಮುದ್ರಮಟ್ಟದಿಂದ ಮೀಟರ್‌ನಲ್ಲಿ ಇರುತ್ತದೆ, ಆಲಮಟ್ಟಿಗೆ 519.60 ಅನ್ನುತ್ತಾರಲ್ಲ, ಹಾಗೆ. ಆ ಸಂಖ್ಯೆ ನೋಡಿ ಗಾಬರಿಯಾಗಬೇಡ, ನಿನ್ನೆಗಿಂತ ಎಷ್ಟು ಏರಿದೆ ಅನ್ನುವುದಷ್ಟೇ ನೋಡು. ಸಾಂಗ್ಲಿಯ ಆಯರ್ವಿನ್ ಸೇತುವೆ ಮೇಲೂ ಕಣ್ಣಿರಲಿ. ಅಲ್ಲಿ 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ.

2019ರ ಆಗಸ್ಟ್‌ನಲ್ಲಿ ಅಲ್ಲಿ 57 ಅಡಿ ದಾಟಿತ್ತು. ನಮ್ಮ ಮನೆಯಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು 2005ರ ಮಹಾಪೂರದ ಗುರುತು, ಅದಕ್ಕಿಂತ ಮೇಲೆ ನೀರು ಬರಲಾರದು ಅಂತ ನಂಬಿದ್ದೆವು. ಮೋಟಾರು ಎತ್ತಿ ಆ ಗುರುತಿನ ಮೇಲೆಯೇ ಇಟ್ಟಿದ್ದೆವು. ಬೆಳಗಾಗುವುದರೊಳಗೆ ಎರಡು ಮೋಟಾರು, ಸ್ಟಾರ್ಟರ್ ಪೆಟ್ಟಿಗೆ, ಕೇಬಲ್ ಎಲ್ಲ ನೀರೊಳಗೆ. ಕಬ್ಬು ವಾರಗಟ್ಟಲೆ ಸುಳಿ ಮುಳುಗಿ ನಿಂತು ಕೊಳೆಯಿತು. ಆ ವಾಸನೆ ಇವತ್ತಿಗೂ ಮರೆತಿಲ್ಲ. ಹಳೆ ಗುರುತು ನಂಬಿ ಕೂರಬೇಡ ಅಂತ ನಿನಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನನ್ನ ಪದ್ಧತಿ ಹೀಗೆ: ಕಲ್ಲೋಳ–ಯಡೂರು ಬಾಂದಾರ ಮುಳುಗಿತು ಅಂತ ಸುದ್ದಿ ಬಂದ ದಿನ ಹಗ್ಗ, ಟ್ರ್ಯಾಕ್ಟರ್, ಇಬ್ಬರು ಆಳು ತಯಾರು. ನೀರು ಕೆಂಪು ಗುರುತಿಗೆ ಐದು ಅಡಿ ಕೆಳಗಿದ್ದು ಇನ್ನೂ ಏರುತ್ತಿದ್ದರೆ ಅಂದೇ ಹಗಲಲ್ಲಿ ಎತ್ತುತ್ತೇನೆ. ಮೊದಲು ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯಿಂದ ಕರೆಂಟ್ ತೆಗೆಸು, ಆಮೇಲೆ ಕೈ ಹಚ್ಚು. ರಾತ್ರಿ ಬ್ಯಾಟರಿ ಹಿಡಿದು ದಂಡೆಗೆ ಇಳಿಯಲೇಬೇಡ, ಮೋಟಾರು ಹೋದರೆ ಹೋಗಲಿ. ನೀರು ಇಳಿಯುವಾಗಲೂ ಅವಸರ ಬೇಡ. ನೆನೆದ ಕರಿಮಣ್ಣಿನ ದಂಡೆ ನೀರಿನ ಆಸರೆ ತಪ್ಪಿದ ಕೂಡಲೇ ಕುಸಿಯುತ್ತದೆ. ಮೂರ್ನಾಲ್ಕು ದಿನ ಒಣಗಲು ಬಿಟ್ಟು, ಬಿರುಕು ಇದೆಯಾ ನೋಡಿ ಆಮೇಲೆ ಇಳಿಸು.

ನಿನ್ನ ಮೋಟಾರಿನ ಕಟ್ಟೆ ಈಗಿನ ನೀರಿನಿಂದ ಎಷ್ಟು ಅಡಿ ಮೇಲಿದೆ ಅಂತ ಅಳೆದು ಇಲ್ಲೇ ಹಾಕು. ನನ್ನ ಪುಸ್ತಕದ ಅಂಕಿಗಳ ಫೋಟೋ ಕಳಿಸುತ್ತೇನೆ, ಎರಡನ್ನೂ ಇಟ್ಟು ನೋಡೋಣ.