ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆವಿ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವರ್ಕ್‌ಸ್ಟೇಶನ್ ಲ್ಯಾಪ್‌ಟಾಪ್ ಬಗ್ಗೆಯೇ, ಅಂದ್ರೆ ಡಿಸೈನಿನಂಥ ಹೆವಿ ಕೆಲಸಕ್ಕೆಂದೇ ಮಾಡಿದ ಮೆಷಿನ್. ಕಾಸರಗೋಡು ಕಡೆಯಿಂದಲೇ ಜಾಸ್ತಿ ಬಂದದ್ದರಿಂದ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇವೆ.

ಪ್ರಶ್ನೆ: ನಾನು ಬದಿಯಡ್ಕದಲ್ಲಿ ಮನೆ ಪ್ಲಾನ್ ಮಾಡಿಕೊಡುವ ಸಿವಿಲ್ ಇಂಜಿನಿಯರ್. ಪ್ಲಾನ್ ಬಿಡಿಸ್ಲಿಕ್ಕೆ ಆಟೋಕ್ಯಾಡ್, 3ಡಿ ಮಾಡೆಲಿಗೆ ರೆವಿಟ್ ದಿನಾ ಬೇಕು, ಮನೆ ಕಟ್ಟಿಸುವ ಪಾರ್ಟಿಗೆ ತೋರಿಸ್ಲಿಕ್ಕೆ ಲುಮಿಯನ್‌ನಲ್ಲಿ ವಾಕ್‌ಥ್ರೂ (ಮನೆಯೊಳಗೆ ನಡೆದ ಹಾಗೆ ತೋರಿಸುವ ವಿಡಿಯೋ) ಮಾಡ್ತೇನೆ. ಮಂಗಳೂರಿನ ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ಧಾರಾಳ ಸಾಕು ಅಂತಾರೆ, ದುಬೈಯಲ್ಲಿರುವ ಭಾವ ವರ್ಕ್‌ಸ್ಟೇಶನ್ನೇ ತೆಗೊಳ್ಳಿ ಅಂತಾರೆ. ಬಜೆಟ್ ಒಂದೂವರೆ ಲಕ್ಷ. ಯಾರ ಮಾತು ಕೇಳ್ಬೇಕು?

ಉತ್ತರ: ನಿಮ್ಮ ಕೆಲಸಕ್ಕಾದರೆ ಅಂಗಡಿಯವರ ಮಾತೇ ಹೆಚ್ಚು ಸರಿ. ಆದ್ರೆ ಭಾವ ಹೇಳಿದ್ದರಲ್ಲೂ ವಿಷಯ ಉಂಟು, ಅದು ಎಂತ ಅಂತ ಗೊತ್ತಿದ್ದರೆ ನೀವೇ ತೀರ್ಮಾನ ಮಾಡಬಹುದು.

ಡೆಲ್ ಪ್ರಿಸಿಶನ್ (2025ರಿಂದ ಅದಕ್ಕೆ ಪ್ರೊ ಮ್ಯಾಕ್ಸ್ ಅಂತ ಹೆಸರು), ಎಚ್‌ಪಿ ಝಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ ಸೀರೀಸ್, ಇವನ್ನೆಲ್ಲ ವರ್ಕ್‌ಸ್ಟೇಶನ್ ಅಂತ ಮಾರುವುದಕ್ಕೆ ಮುಖ್ಯ ಕಾರಣ ಸರ್ಟಿಫಿಕೇಶನ್. ಅಂದ್ರೆ ಸಾಫ್ಟ್‌ವೇರ್ ಕಂಪನಿಯವರೇ ಆ ಮಾಡೆಲನ್ನು, ಆ ಗ್ರಾಫಿಕ್ಸ್ ಕಾರ್ಡನ್ನು, ಆ ಡ್ರೈವರನ್ನು ಟೆಸ್ಟ್ ಮಾಡಿ ಇದರಲ್ಲಿ ನಮ್ಮ ಸಾಫ್ಟ್‌ವೇರ್ ಸರಿ ಓಡ್ತದೆ ಅಂತ ಪಟ್ಟಿಗೆ ಹಾಕಿರ್ತಾರೆ. ಸಾಲಿಡ್‌ವರ್ಕ್ಸ್, ಕ್ರಿಯೊ, ಎನ್‌ಎಕ್ಸ್ ಹಾಕಿ ಮೆಷಿನ್ ಪಾರ್ಟ್ ಡಿಸೈನ್ ಮಾಡುವವರಿಗೆ ಇದು ದೊಡ್ಡ ವಿಷಯ, ಸಾಲಿಡ್‌ವರ್ಕ್ಸಿನ ರಿಯಲ್‌ವ್ಯೂ (ಪಾರ್ಟನ್ನು ನಿಜದ ಹಾಗೆ ತೋರಿಸುವ ವ್ಯವಸ್ಥೆ) ಆನ್ ಆಗ್ಬೇಕಾದರೆ ಆ ವರ್ಗದ ಕಾರ್ಡೇ ಬೇಕು. ಮೊದಲು ಎನ್‌ವಿಡಿಯಾದವರು ಇಂಥ ಕಾರ್ಡಿಗೆ ಕ್ವಾಡ್ರೊ ಅಂತ ಹೆಸರಿಟ್ಟಿದ್ದರು, ಆಮೇಲೆ ಬರೀ ಆರ್‌ಟಿಎಕ್ಸ್ ಅಂತಾಯ್ತು, 2025ರಿಂದ ಆರ್‌ಟಿಎಕ್ಸ್ ಪ್ರೊ ಅಂತ ಬರ್ತದೆ, ಹಾಗಾಗಿ ಗೇಮಿಂಗಿನ ಜೀಫೋರ್ಸ್ ಆರ್‌ಟಿಎಕ್ಸ್ ಜೊತೆ ಹೆಸರು ಕಲಸಿಹೋಗಿ ಜನ ಗಲಿಬಿಲಿ ಆಗ್ತಾರೆ.

ನಿಮ್ಮ ಮೂರು ಸಾಫ್ಟ್‌ವೇರಿನ ಲೆಕ್ಕ ಬೇರೆ. ಆಟೋಕ್ಯಾಡ್ ಕೆಲಸದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಓಡ್ತದೆ, ರೆವಿಟ್‌ನಲ್ಲಿ ಮಾಡೆಲ್ ಎಡಿಟ್ ಮಾಡುವಾಗಲೂ ಹೆಚ್ಚುಕಮ್ಮಿ ಹಾಗೆಯೇ, ಆದ್ದರಿಂದ ಇಪ್ಪತ್ತು ಕೋರ್ ಉಂಟು ಅಂತ ದುಡ್ಡು ಜಾಸ್ತಿ ಕೊಟ್ಟರೆ ಅಲ್ಲಿ ಗೊತ್ತೂ ಆಗುವುದಿಲ್ಲ. ಲುಮಿಯನ್ ಮಾತ್ರ ಪೂರ್ತಿ ಗ್ರಾಫಿಕ್ಸ್ ಕಾರ್ಡನ್ನೇ ನಂಬಿಕೊಂಡಿರುವುದು, ಅದಕ್ಕೆ ಜೀಫೋರ್ಸ್ ಆದರೂ ಆಗ್ತದೆ, ಕಾರ್ಡಿನ ಸ್ವಂತ ಮೆಮೊರಿ 8 ಜಿಬಿಗಿಂತ ಕಮ್ಮಿ ಇರ್ಬಾರದು ಅಷ್ಟೇ. ಒಂದೂವರೆ ಲಕ್ಷಕ್ಕೆ ಹೊಸ ವರ್ಕ್‌ಸ್ಟೇಶನ್ ತೆಗೊಂಡ್ರೆ ಸಾಮಾನ್ಯವಾಗಿ ಸಿಗುವುದು ಕೆಳಗಿನ ಹಂತದ ಕಾರ್ಡು, ಅದೇ ದುಡ್ಡಿಗೆ ಗೇಮಿಂಗಿನಲ್ಲಿ ಇದಕ್ಕಿಂತ ಜೋರಿನದ್ದು ಬರ್ತದೆ, ವಾಕ್‌ಥ್ರೂ ರೆಂಡರ್ (ಮಾಡೆಲಿಂದ ಚಿತ್ರ, ವಿಡಿಯೋ ತಯಾರಿಸುವುದು) ಬೇಗ ಮುಗೀತದೆ.

ಈಗ ಅಂಗಡಿಯವರು ತಾವಾಗಿ ಹೇಳದ ಒಂದು ವಿಷಯ. ಕಾರ್ಡಿನ ಹೆಸರು ನೋಡಿ ಮರುಳಾಗ್ಬೇಡಿ, ಎಷ್ಟು ವಾಟ್‌ನಲ್ಲಿ ಓಡ್ತದೆ ಕೇಳಿ. ಆರ್‌ಟಿಎಕ್ಸ್ 4060 ಅಂತ ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡು 35 ವಾಟ್‌ನಲ್ಲೂ ಬರ್ತದೆ, 115 ವಾಟ್‌ನಲ್ಲೂ ಬರ್ತದೆ, ತೆಳು ಮೆಷಿನ್‌ನಲ್ಲಿ ಬಿಸಿ ಹೊರಗೆ ಹೋಗ್ಲಿಕ್ಕೆ ಜಾಗ ಇಲ್ಲದ್ದರಿಂದ ಕಮ್ಮಿ ವಾಟ್‌ಗೆ ಕಟ್ಟಿ ಹಾಕಿರ್ತಾರೆ. ಪ್ರೊಸೆಸರ್ ಕತೆಯೂ ಇದೇ: ಐ7 13700ಎಚ್ ತೆಗೊಳ್ಳಿ, ಕೆಲಸ ಶುರುವಾದಾಗ ಸ್ವಲ್ಪ ಹೊತ್ತು 115 ವಾಟ್‌ವರೆಗೆ ಹಾರಬಹುದು, ಆದ್ರೆ ಅದರ ಮೂಲ ಲೆಕ್ಕ 45 ವಾಟ್, ಒಳಗೆ ಬಿಸಿ ಏರಿದ ಹಾಗೆ ಕೆಳಗೆ ಇಳೀತಾ ಬರ್ತದೆ. ಅಂಗಡಿಯಲ್ಲಿ ಐದು ನಿಮಿಷ ಡೆಮೊ ನೋಡಿದರೆ ನಿಮಗೆ ಕಾಣುವುದು ಆ ಹಾರಿದ ಸ್ಪೀಡ್ ಮಾತ್ರ, ಎಸಿ ಹಾಕಿದ ರೂಮ್ ಬೇರೆ. ನಿಮ್ಮದೇ ಒಂದು ಪ್ರಾಜೆಕ್ಟ್ ಪೆನ್‌ಡ್ರೈವಲ್ಲಿ ಹಾಕಿಕೊಂಡು ಹೋಗಿ, ಅರ್ಧ ಗಂಟೆ ರೆಂಡರ್‌ಗೆ ಬಿಡಿ, ಮೊದಲ ಫ್ರೇಮಿಗೆ ಎಷ್ಟು ಸೆಕೆಂಡ್ ಹಿಡೀತು, ಕೊನೆಯ ಫ್ರೇಮಿಗೆ ಎಷ್ಟು ಹಿಡೀತು ಅಂತ ಬರಕೊಳ್ಳಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಒಂದು ಸಾಲು ಉಂಟು, ಕಾರ್ಡಿಗೆ ಎಷ್ಟು ವಾಟ್ ಬಿಟ್ಟಿದ್ದಾರೆ ಅಂತ ಅಲ್ಲೇ ಗೊತ್ತಾಗ್ತದೆ.

ಹಾಗಂತ ಗೇಮಿಂಗ್ ಮೆಷಿನ್‌ಗೆ ಕೊರತೆ ಇಲ್ಲ ಅಂತಲ್ಲ. ಅಗ್ಗದ್ದರಲ್ಲಿ ಸ್ಕ್ರೀನ್ ಸಪ್ಪೆ ಇರ್ತದೆ, ಗೋಡೆಗೆ ನೀವು ಆರಿಸಿದ ಬಣ್ಣ ಒಂದು, ಪಾರ್ಟಿ ಕಣ್ಣಿಗೆ ಕಾಣುವುದು ಇನ್ನೊಂದು. ನೂರು ಪರ್ಸೆಂಟ್ ಎಸ್‌ಆರ್‌ಜಿಬಿ (ಬಣ್ಣ ಸರಿ ತೋರಿಸುವ ಅಳತೆ) ಅಂತ ಬರೆದಿದ್ದರೆ ಮಾತ್ರ ತೆಗೊಳ್ಳಿ. ಎರಡನೆಯದ್ದು ಸರ್ವಿಸ್. ವರ್ಕ್‌ಸ್ಟೇಶನ್ ತೆಗೊಂಡವರಿಗೆ ಮನೆಗೇ ಬಂದು ಪಾರ್ಟ್ ಬದಲಿಸಿ ಕೊಡುವ ಮೂರು ವರ್ಷದ ವಾರಂಟಿ ಸಿಗುವುದು ಹೆಚ್ಚು, ಭಾವ ಹೇಳಿದ್ದರಲ್ಲಿ ತೂಕ ಇರುವುದು ಇಲ್ಲಿ. ಯಾವುದೇ ತೆಗೊಳ್ಳಿ, ಬಿಲ್ ಮಾಡುವ ಮೊದಲು ನಿಮ್ಮ ಪಿನ್‌ಕೋಡ್ ಕೊಟ್ಟು ಆನ್‌ಸೈಟ್ ಸರ್ವಿಸ್ ಬದಿಯಡ್ಕಕ್ಕೆ ಉಂಟಾ ಅಂತ ಕಂಪನಿಯ ನಂಬರಿಗೇ ಫೋನ್ ಮಾಡಿ ಕೇಳಿ. ಕೇರಳದ ಪಿನ್‌ಕೋಡ್ ಆದ್ದರಿಂದ ಕಂಪ್ಲೇಂಟ್ ಕಣ್ಣೂರು ಕಡೆಗೆ ಹೋಗಿ, ಹತ್ತಿರದ ಮಂಗಳೂರಿನವರು ಅದು ನಮಗೆ ಬರುವುದಿಲ್ಲ ಅಂತ ಹೇಳುವುದು ಗಡಿಯಲ್ಲಿರುವ ನಮ್ಮ ಜನರಿಗೆ ಹೊಸತಲ್ಲ.

ಸೈಟಿನಲ್ಲಿ ಬ್ಯಾಟರಿ ಮೇಲೆ ರೆಂಡರ್ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ವಿಮಾನದಲ್ಲಿ ಸಲೀಸಾಗಿ ತೆಗೊಂಡು ಹೋಗಬಹುದಾದ ಬ್ಯಾಟರಿಗೆ 100 ವಾಟ್-ಅವರ್ ಮಿತಿ ಇರುವುದರಿಂದ ಎಷ್ಟು ದೊಡ್ಡ ಲ್ಯಾಪ್‌ಟಾಪ್ ಆದ್ರೂ ಬ್ಯಾಟರಿ ಅಷ್ಟರೊಳಗೇ. ಒಟ್ಟು 130 ವಾಟ್ ಎಳೆಯುವ ಕೆಲಸಕ್ಕೆ ಅದು ಮುಕ್ಕಾಲು ಗಂಟೆ ಲೆಕ್ಕ, ಅದೂ ಬ್ಯಾಟರಿಯಲ್ಲಿರುವಾಗ ಮೆಷಿನ್ ತಾನಾಗಿ ಸ್ಪೀಡ್ ಇಳಿಸ್ತದೆ. ವಿಡಿಯೋ ಮೊದಲೇ ಮಾಡಿಟ್ಟು ಸೈಟಿನಲ್ಲಿ ಬರೀ ತೋರಿಸಿ.

ಪ್ರಶ್ನೆ: ಮುಳ್ಳೇರಿಯಾ ಹತ್ತಿರ ನಮ್ಮ ಅಡಿಕೆ ತೋಟ. ಡ್ರೋನ್ ಫೋಟೋ ಸೇರಿಸಿ ತೋಟದ ಮ್ಯಾಪ್ ಮಾಡಿ, ಹಳದಿ ರೋಗ ಬಂದ ಮರ ಗುರುತು ಮಾಡುವ ಕೆಲಸ ಶುರು ಮಾಡಿದ್ದೇನೆ, ಅಕ್ಕಪಕ್ಕದವರೂ ಕೇಳ್ತಿದ್ದಾರೆ. ಈಗಿನ ಲ್ಯಾಪ್‌ಟಾಪ್ 16 ಜಿಬಿ ರ‍್ಯಾಮಿನದ್ದು, ಅರ್ಧದಲ್ಲೇ ನಿಂತುಹೋಗ್ತದೆ. ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಬೇಕಾ?

ಉತ್ತರ: ನಿಮಗೆ ಮೊದಲು ಬೇಕಾದದ್ದು ರ‍್ಯಾಮ್. ನೂರಾರು ಫೋಟೋ ಒಟ್ಟಿಗೆ ತೆಗೊಂಡು ಪಾಯಿಂಟಿಗೆ ಪಾಯಿಂಟ್ ಹೊಂದಿಸುವಾಗ ರ‍್ಯಾಮ್ ತುಂಬಿತು ಅಂತಾದ್ರೆ ವಿಂಡೋಸ್ ಎಸ್‌ಎಸ್‌ಡಿಯನ್ನೇ ರ‍್ಯಾಮ್ ಅಂತ ಬಳಸ್ಲಿಕ್ಕೆ ಶುರು ಮಾಡ್ತದೆ, ಅಲ್ಲಿಂದ ಮುಂದೆ ಆಮೆ ನಡಿಗೆ, ಕೊನೆಗೆ ಕ್ರ್ಯಾಶ್. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕೆಲಸ ಓಡಿಸಿ ನೋಡಿ, ಮೆಮೊರಿಯ ಗೆರೆ ಮೇಲೆ ಹೋಗಿ ಅಲ್ಲೇ ಅಂಟಿಕೊಂಡು ಕಾರ್ಡಿನ ಗೆರೆ ಕೆಳಗೆ ಮಲಗಿದ್ದರೆ ಕಾರ್ಡ್ ಎಷ್ಟು ದೊಡ್ಡದು ಹಾಕಿದ್ರೂ ಪ್ರಯೋಜನ ಇಲ್ಲ. ಒಬ್ಬರ ತೋಟಕ್ಕೆ 32 ಜಿಬಿ ಸಾಕಾದೀತು, ಸಾವಿರ ಫೋಟೋ ದಾಟುವ ಕೆಲಸ ಹಿಡಿಯುವುದಾದರೆ 64 ಇಟ್ಟುಕೊಳ್ಳಿ. ಆಮೇಲೆ ಎನ್‌ವಿಡಿಯಾದ ಮಧ್ಯಮ ಕಾರ್ಡ್ ಒಂದಿದ್ದರೆ ಆಯ್ತು, ಡ್ರೋನ್ ಫೋಟೋ ಜೋಡಿಸುವ ಮೆಟಾಶೇಪ್, ಪಿಕ್ಸ್‌ಫೋರ್‌ಡಿ ಎರಡೂ ಅದನ್ನು ಬಳಸಿಕೊಳ್ತವೆ.

ಇಲ್ಲಿ ಮಾತ್ರ ವರ್ಕ್‌ಸ್ಟೇಶನ್ ಕಡೆ ನೋಡಿ ಅಂತ ನಾನು ಧೈರ್ಯದಲ್ಲಿ ಹೇಳ್ತೇನೆ. ಝಡ್‌ಬುಕ್ ಫ್ಯೂರಿ 16, ಥಿಂಕ್‌ಪ್ಯಾಡ್ ಪಿ16 ಇಂಥವುಗಳ ಮೊದಲ ಮಾಡೆಲುಗಳಿಂದಲೇ ನಾಲ್ಕು ರ‍್ಯಾಮ್ ಸ್ಲಾಟ್ ಉಂಟು, 128 ಜಿಬಿವರೆಗೆ ಹಾಕಬಹುದು. ತೆಳು ಲ್ಯಾಪ್‌ಟಾಪಿನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಏನೂ ಮಾಡ್ಲಿಕ್ಕೆ ಆಗುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಈಗ 32ರಲ್ಲಿ ಶುರು ಮಾಡಿ ಸ್ಲಾಟ್ ಖಾಲಿ ಇರುವ ಮೆಷಿನ್ ತೆಗೊಂಡ್ರೆ ಮುಂದೆ ಬೆಲೆ ಇಳಿದಾಗ ಹಾಕಿಕೊಳ್ಳಬಹುದು. ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ರ‍್ಯಾಮ್ ಬೇಕು ಅಂತ ಯಾರಾದ್ರೂ ಹೇಳಿದರೆ ನಿಮ್ಮ ಕೆಲಸಕ್ಕೆ ಬೇಡ.

ಇನ್ನೊಂದು ಮಾತು, ಲ್ಯಾಪ್‌ಟಾಪಿಗೆ ಸಂಬಂಧ ಇಲ್ಲದ್ದು ಅನ್ನಿಸಬಹುದು. ಮೇಲಿಂದ ಅಡಿಕೆ ಮರದ ತಲೆಗಳೆಲ್ಲ ಒಂದೇ ತರ ಕಾಣ್ತವೆ, ಗಾಳಿಗೆ ಸೋಗೆ ಅಲ್ಲಾಡಿದರೆ ಒಂದು ಫೋಟೋದ ಪಾಯಿಂಟ್ ಇನ್ನೊಂದರಲ್ಲಿ ಸಿಗುವುದಿಲ್ಲ, ಸಾಫ್ಟ್‌ವೇರ್ ಸುಮ್ಮನೆ ಗಂಟೆಗಟ್ಟಲೆ ಹುಡುಕ್ತದೆ. ಗಾಳಿ ಏಳುವ ಮೊದಲು ಬೆಳಿಗ್ಗೆ ಹಾರಿಸಿ, ಒಂದು ಫೋಟೋದ ಮೇಲೆ ಇನ್ನೊಂದು 80 ಪರ್ಸೆಂಟಾದ್ರೂ ಕೂರುವ ಹಾಗೆ ಸೆಟ್ ಮಾಡಿ. ತೋಟವನ್ನು ನಾಲ್ಕು ತುಂಡು ಮಾಡಿ ಬೇರೆ ಬೇರೆ ಓಡಿಸಿ ಕೊನೆಗೆ ಜೋಡಿಸಿದರೆ ನಿಮ್ಮ ಹಳೆಯ 16 ಜಿಬಿಯಲ್ಲೂ ಈ ಸೀಸನ್ ದಾಟಬಹುದು.

ಪ್ರಶ್ನೆ: ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದ್ದಾಳೆ. ಕುಂಬಳೆಯ ಪರಿಚಯದವರು ಕಂಪನಿಯಿಂದ ಬಂದ ಹಳೆ ವರ್ಕ್‌ಸ್ಟೇಶನ್ ಕೊಡ್ತೇನೆ ಅಂತಿದ್ದಾರೆ, ಏಳನೇ ಜನರೇಶನ್ ಐ7. ತೆಗೊಳ್ಳಬಹುದಾ?

ಉತ್ತರ: ಏಳನೆಯದ್ದು ಬೇಡ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಸರಿಯಾಗಿ ಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಶನ್ನಿನಿಂದ ಮೇಲೆ ಇರ್ಬೇಕು. ಅವರ ಹತ್ತಿರ ಥಿಂಕ್‌ಪ್ಯಾಡ್ ಪಿ52, ಪ್ರಿಸಿಶನ್ 7530, ಝಡ್‌ಬುಕ್ 15 ಜಿ5 ಇವುಗಳಲ್ಲಿ ಯಾವುದಾದ್ರೂ ಉಂಟಾ ಕೇಳಿ, ಮೂರೂ ಎಂಟನೇ ಜನರೇಶನ್, ಸಾಲಿಡ್‌ವರ್ಕ್ಸ್ ಕಲಿಯುವವರಿಗೆ ಒಳ್ಳೆಯ ಮೆಷಿನ್. ಎರಡೂವರೆ ಕಿಲೋ ಆಸುಪಾಸು ಭಾರ, ಚಾರ್ಜರ್ ಬೇರೆ, ದಿನಾ ಬಸ್ಸಲ್ಲಿ ಹೋಗುವ ಮಗಳಾದರೆ ಅದನ್ನೂ ಯೋಚನೆ ಮಾಡಿ. ತೆಗೊಳ್ಳುವಾಗ ವಿಂಡೋಸಿಗಿಂತ ಮೊದಲು ಏಳುವ ಬಯೋಸ್‌ಗೆ ಕಂಪನಿಯ ಪಾಸ್‌ವರ್ಡ್ ಉಳಿದಿದೆಯಾ ಅಂತ ಎದುರಿಗೇ ತೆರೆಸಿ ನೋಡಿ, ಉಳಿದಿದ್ದರೆ ದುಡ್ಡು ಕೊಡ್ಬೇಡಿ. ಲಿನಕ್ಸ್ ಈ ಮೆಷಿನುಗಳಲ್ಲಿ ಚೆನ್ನಾಗಿ ಓಡ್ತದೆ, ಕೇರಳದ ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಕೈಟಿನವರ ಲಿನಕ್ಸಿನಲ್ಲಿ ಶಾಲೆಯಲ್ಲಿ ಕಲಿತ ಇಲ್ಲಿನ ಮಕ್ಕಳಿಗೆ ಅದು ಹೊಸತೂ ಅಲ್ಲ, ಆದ್ರೆ ಸಾಲಿಡ್‌ವರ್ಕ್ಸ್‌ಗೆ ವಿಂಡೋಸೇ ಬೇಕು.

ಪ್ರಶ್ನೆ: ಮಂಜೇಶ್ವರದಲ್ಲಿ ನನ್ನದು ಸಣ್ಣ ಡಿಸೈನ್ ಆಫೀಸ್. ಮೂರು ವರ್ಷದ ಲ್ಯಾಪ್‌ಟಾಪ್ ಈಗ ಫ್ಯಾನ್ ಕಿರಿಚಿಕೊಳ್ತದೆ, ಸ್ಲೋ ಆಗಿದೆ, ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದ ಹಾಗೆ ಕಾಣ್ತದೆ.

ಉತ್ತರ: ಟಚ್‌ಪ್ಯಾಡ್ ಎದ್ದದ್ದು ಮೊದಲು. ಅದು ಬ್ಯಾಟರಿ ಉಬ್ಬಿದ ಲಕ್ಷಣ. ಇವತ್ತೇ ಚಾರ್ಜ್ ಮಾಡುವುದು ನಿಲ್ಲಿಸಿ, ಒತ್ತಿ ಕೂರಿಸ್ಲಿಕ್ಕೆ ಹೋಗ್ಬೇಡಿ, ತೂತಾದರೆ ಬೆಂಕಿ ಹಿಡೀತದೆ. ಸರ್ವಿಸಿನವರ ಕೈಯಲ್ಲಿ ಬ್ಯಾಟರಿ ಬದಲಿಸಿ. ಆಫೀಸಿನಲ್ಲಿ ಇಡೀ ದಿನ ಚಾರ್ಜರಿಗೆ ಹಾಕಿಯೇ ಇರುವ ಮೆಷಿನ್ ಆದ್ರೆ ಹೊಸ ಬ್ಯಾಟರಿ ಹಾಕಿದ ಮೇಲೆ 80 ಪರ್ಸೆಂಟಿಗೆ ಚಾರ್ಜ್ ನಿಲ್ಲುವ ಹಾಗೆ ಸೆಟ್ಟಿಂಗ್ ಇಡಿ, ನೂರಕ್ಕೆ ತುಂಬಿ ಬಿಸಿಯಲ್ಲಿ ಕೂತಿರುವುದೇ ಲಿಥಿಯಂ ಬ್ಯಾಟರಿಗೆ ದೊಡ್ಡ ಶತ್ರು.

ಫ್ಯಾನಿನ ಕಾರಣ ಧೂಳು. ಮುರಕಲ್ಲಿನ ಕೆಲಸ ನಡೆಯುವ ಜಾಗಕ್ಕೆ ಹೋಗಿಬರುವ ಒಬ್ಬರ ಲ್ಯಾಪ್‌ಟಾಪಿನ ಹಿಂದಿನ ಮುಚ್ಚಳ ಬಿಚ್ಚಿದಾಗ ನೋಡಿದ್ದೇನೆ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕೆಂಪು ಧೂಳು ಕಂಬಳಿ ತುಂಡಿನ ಹಾಗೆ ದಪ್ಪಕ್ಕೆ ಕೂತಿತ್ತು. ಗಾಳಿ ಒಳಗೆ ಹೋಗ್ತಿತ್ತು, ಹೊರಗೆ ಬರ್ಲಿಕ್ಕೆ ದಾರಿಯೇ ಇರ್ಲಿಲ್ಲ. ಹೊರಗಿಂದ ಬ್ಲೋವರ್ ಹಿಡಿದರೆ ಅದು ಬಿಡುವುದಿಲ್ಲ, ಮುಚ್ಚಳ ತೆಗೆದು ಫ್ಯಾನನ್ನು ಕಡ್ಡಿಯಲ್ಲಿ ತಡೆದು ಹಿಡ್ಕೊಂಡು ಬ್ರಶ್‌ನಲ್ಲಿ ಎಬ್ಬಿಸಿ ಆಮೇಲೆ ಬ್ಲೋವರ್ ಹಿಡೀಬೇಕು, ಫ್ಯಾನ್ ತಡೆಯದಿದ್ದರೆ ಗಾಳಿಯ ರಭಸಕ್ಕೆ ಫ್ಯಾನ್ ತಿರುಗಿ ಬೇರಿಂಗ್ ಹಾಳಾಗ್ತದೆ. ಮೂರು ವರ್ಷ ಆದದ್ದರಿಂದ ಪ್ರೊಸೆಸರಿನ ಬಿಸಿ ಹೊರಗೆ ದಾಟಿಸುವ ಪೇಸ್ಟ್ ಕೂಡ ಒಣಗಿರ್ತದೆ, ಅದನ್ನೂ ಬದಲಿಸಿ. ಕೆಲಸ ಮುಗಿದ ಮೇಲೆ ಮುಚ್ಚಳ ಮಡಚಿ ಸೀದಾ ಬ್ಯಾಗಿಗೆ ಹಾಕ್ಬೇಡಿ, ಈಗಿನ ವಿಂಡೋಸ್ ಸ್ಲೀಪ್‌ನಲ್ಲಿದ್ದಾಗ ತಾನಾಗಿ ಎದ್ದು ಬ್ಯಾಗಿನೊಳಗೇ ಬಿಸಿಯಾಗ್ತದೆ, ಶಟ್‌ಡೌನ್ ಮಾಡಿ ಅಥವಾ ಹೈಬರ್ನೇಟ್ ಹಾಕಿ.

ಪ್ರಶ್ನೆ: ಉಪ್ಪಳದಿಂದ ಬರೀತಿದ್ದೇನೆ. ಅಣ್ಣ ಗಲ್ಫಿಂದ ವರ್ಕ್‌ಸ್ಟೇಶನ್ ತರ್ತಾರಂತೆ. ಡ್ಯೂಟಿ ಕಟ್ಬೇಕಾ? ನಮ್ಮಲ್ಲಿ ಕರೆಂಟಿನದ್ದೂ ಕಿರಿಕಿರಿ.

ಉತ್ತರ: ಹದಿನೆಂಟು ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಡ್ಯೂಟಿ ಇಲ್ಲದೆ ತರಬಹುದು. ವಾರಂಟಿ ಭಾರತದಲ್ಲಿ ನಡೀತದಾ ಅಂತ ಅಣ್ಣ ಅಲ್ಲೇ ಬರಹದಲ್ಲಿ ಕೇಳಿಕೊಳ್ಳಲಿ, ಕೀಬೋರ್ಡಿನಲ್ಲಿ ಅರಬಿ ಅಕ್ಷರ ಇರ್ತದೆ, ಅದರಿಂದ ತೊಂದರೆ ಏನಿಲ್ಲ. ಪ್ಲಗ್ ಮಾತ್ರ ಚಪ್ಪಟೆ ಮೂರು ಪಿನ್, ಅದಕ್ಕೆ ಕನ್ವರ್ಟರ್ ಸಿಕ್ಕಿಸ್ಬೇಡಿ, ಹೆಚ್ಚಿನ ಅಗ್ಗದ ಕನ್ವರ್ಟರ್‌ಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಲೋಹದ ಬಾಡಿ ಮುಟ್ಟಿದಾಗ ಜುಂ ಅನ್ನುವುದು ಅದರಿಂದಲೇ. ಗೋಡೆಯಿಂದ ಅಡಾಪ್ಟರಿಗೆ ಬರುವ ವಯರ್ ಮಾತ್ರ ನಮ್ಮ ಮೂರು ಪಿನ್ನಿನದ್ದು ಇಲ್ಲೇ ಕೊಂಡು ಹಾಕಿ. ಇನ್ವರ್ಟರ್ ಸೈನ್ ವೇವ್‌ನದ್ದಾ ನೋಡಿ, ಸ್ಕ್ವೇರ್ ವೇವ್ ಆಗಿದ್ದರೆ ದೊಡ್ಡ ಅಡಾಪ್ಟರ್ ಗುಂಯ್‌ಗುಟ್ಟಿ ಬಿಸಿಯಾಗ್ತದೆ, ಕರೆಂಟ್ ಹೋದಾಗ ಬ್ಯಾಟರಿಯಲ್ಲೇ ಕೆಲಸ ಸೇವ್ ಮಾಡಿ ನಿಲ್ಲಿಸಿದರೆ ಒಳ್ಳೆಯದು. ಗುಡುಗು ಶುರುವಾದ ಕೂಡ್ಲೇ ಅಡಾಪ್ಟರ್ ತೆಗೀರಿ, ಮೋಡೆಮಿನಿಂದ ಬರುವ ಲ್ಯಾನ್ ಕೇಬಲನ್ನೂ ತೆಗೀರಿ, ಸಿಡಿಲು ಆ ದಾರಿಯಲ್ಲೂ ಬರ್ತದೆ.