ಸ್ಟ್ರಕ್ಚರ್ಡ್ ರೈಟಿಂಗ್ ಅಂದ್ರೆ ಏನು, ಮ್ಯಾನ್ಯುಯಲ್ ಬರೆಯೋಕೆ ಅದ್ಯಾಕೆ ಬೇಕು?

ಸಿಂಪಲ್ಲಾಗಿ ಹೇಳ್ಬೇಕಂದ್ರೆ, ಉದ್ದಕ್ಕೆ ಕಥೆ ಥರ ಬರ್ಕೊಂಡು ಹೋಗೋ ಬದ್ಲು ಮಾಹಿತೀನ ತುಂಡು ತುಂಡು ಮಾಡಿ, ಒಂದು ತುಂಡಲ್ಲಿ ಒಂದೇ ವಿಷ್ಯ ಇಟ್ಟು ಅದಕ್ಕೊಂದು ನೇರವಾದ ಹೆಡ್ಡಿಂಗ್ ಕೊಡೋದು. ಹೊಸದೇನಲ್ಲ, 1960ರ ದಶಕದಲ್ಲೇ ರಾಬರ್ಟ್ ಹಾರ್ನ್ ಅನ್ನೋರು ಇನ್ಫರ್ಮೇಷನ್ ಮ್ಯಾಪಿಂಗ್ ಅಂತ ಶುರು ಮಾಡಿದ್ರು, ಆಮೇಲೆ ಐಬಿಎಂನಲ್ಲಿ ಹುಟ್ಟಿದ ಡಿಟಾ (DITA, ಹಿಂಗೆ ತುಂಡು ತುಂಡಾಗಿ ಬರೆಯೋಕೆ ಇರೋ ಒಂದು ಫಾರ್ಮ್ಯಾಟ್) 2005ರಲ್ಲಿ ಒಯಾಸಿಸ್ (OASIS) ಅನ್ನೋ ಸಂಸ್ಥೆಯ ಸ್ಟ್ಯಾಂಡರ್ಡ್ ಆಯ್ತು.

ಡಿಟಾದಲ್ಲಿ ಮುಖ್ಯವಾಗಿ ಮೂರು ಥರದ ಟಾಪಿಕ್, ಅಂದ್ರೆ ತುಂಡು. ಇದೇನು ಅಂತ ವಿವರಿಸೋದು ಕಾನ್ಸೆಪ್ಟ್, ಹೆಂಗೆ ಮಾಡೋದು ಅನ್ನೋದು ಟಾಸ್ಕ್, ಬೇಕಾದಾಗ ತೆಗೆದು ನೋಡೋದು ರೆಫರೆನ್ಸ್. ಜನ ಎಡವೋದೇ ಇಲ್ಲಿ, ಮೂರನ್ನೂ ಕಲಸಿಬಿಡ್ತಾರೆ. "ಪಾಸ್‌ವರ್ಡ್ ನಿಮ್ಮ ಅಕೌಂಟ್ ಕಾಪಾಡತ್ತೆ, ಬದಲಾಯಿಸೋಕೆ ಸೆಟ್ಟಿಂಗ್ಸ್‌ಗೆ ಹೋಗಿ, ಕನಿಷ್ಠ 8 ಅಕ್ಷರ ಇರ್ಬೇಕು, ಖಾಲಿ ಜಾಗ ಬಿಡಂಗಿಲ್ಲ, ಆಮೇಲೆ ಸೇವ್ ಒತ್ತಿ" ಅಂತ ಒಂದೇ ಪ್ಯಾರಾದಲ್ಲಿ ತುರುಕಿದ್ರೆ ಓದೋರು ಸ್ಟೆಪ್ ಯಾವ್ದು ರೂಲ್ ಯಾವ್ದು ಅಂತ ಹುಡುಕ್ತಾ ಕೂರ್ಬೇಕು. ಅದೇ "ಪಾಸ್‌ವರ್ಡ್ ಬದಲಾಯಿಸಿ" ಅನ್ನೋ ಟಾಸ್ಕ್‌ನಲ್ಲಿ ಬರೀ ಸ್ಟೆಪ್ ಇಟ್ಟು, ಅಕ್ಷರದ ರೂಲ್ ರೆಫರೆನ್ಸ್‌ಗೆ ಹಾಕಿ ಬೇಕಾದ ಕಡೆಯೆಲ್ಲಾ ಅಲ್ಲಿಂದಲೇ ಎಳ್ಕೊಂಡ್ರೆ, ನಾಳೆ 8 ಹೋಗಿ 12 ಆದ್ರೂ ತಿದ್ದೋದು ಒಂದೇ ಕಡೆ.

ಟೂಲ್ ಕೊಳ್ಳೋಕೆ ಓಡ್ಬೇಡಿ, ಶುರುಗೆ ಮಾರ್ಕ್‌ಡೌನ್ ಫೈಲೇ ಸಾಕು, ಅಂದ್ರೆ # ಥರದ ಗುರುತು ಹಾಕಿ ಹೆಡ್ಡಿಂಗ್ ಮಾಡೋ ಸಾದಾ ಟೆಕ್ಸ್ಟ್ ಫೈಲ್ (ಟೂಲ್ ತಗೊಂಡು ಹಳೇ ಥರಾನೇ ಬರೆಯೋರೇ ಜಾಸ್ತಿ ಬಿಡಿ). ಇನ್ನೊಂದು, "ಮೇಲೆ ಹೇಳಿದಂತೆ" ಅಂತ ಮಾತ್ರ ಬರೀಬೇಡಿ, ಸರ್ಚ್ ಮಾಡಿ ಸೀದಾ ಆ ಪೇಜಿಗೆ ಬಂದೋರಿಗೆ ಮೇಲೆ ಏನೂ ಇರಲ್ಲ, ಲಿಂಕ್ ಕೊಟ್ಬಿಡಿ.